ಇನ್ಫಿನಿಟಿಯಲ್ಲಿಟ್ಟರೂ ದೂರದ ದೃಶ್ಯ ಮಸುಕು: ಹಳೆಯ ಮಡಿಚುವ ಕ್ಯಾಮೆರಾದ ಫೋಕಸ್ ಸರಿಪಡಿಸುವುದು ಹೇಗೆ?

ಪ್ರಶ್ನೆ:
ನನ್ನ ಬಳಿ 1950ರ ದಶಕದ, 120 ಫಿಲ್ಮಿನ ಮೇಲೆ 6×6 ಸೆಂ.ಮೀ. ಚಿತ್ರ ತೆಗೆಯುವ ಮಡಿಚುವ ಕ್ಯಾಮೆರಾ ಇದೆ. ಲೆನ್ಸ್ 85 ಮಿ.ಮೀ., ಎಫ್/4.5. ಮೊದಲ ರೀಲನ್ನು ತೊಳೆಸಿ ನೋಡಿದರೆ, ಫೋಕಸ್ ಉಂಗುರವನ್ನು ಇನ್ಫಿನಿಟಿಯಲ್ಲಿಟ್ಟು (ಅತಿ ದೂರದ ಗುರುತಿನಲ್ಲಿಟ್ಟು) ತೆಗೆದ ಬೆಟ್ಟದ ಸಾಲು ಮಸುಕಾಗಿದೆ. ಅದೇ ಚಿತ್ರದಲ್ಲಿ ನಾಲ್ಕು ಮೀಟರ್ ದೂರದ ತಂತಿಬೇಲಿಯ ಮುಳ್ಳುಗಳನ್ನು ಮಾತ್ರ ಎಣಿಸಬಹುದು. ಫೋಕಸ್ ಉಂಗುರದ ಅಂಚಿನಲ್ಲಿ ಮೂರು ಸಣ್ಣ ಸ್ಕ್ರೂಗಳಿವೆ. ಅವನ್ನು ಸಡಿಲಿಸಿ, ಉಂಗುರವನ್ನು ಅಂದಾಜಿನ ಮೇಲೆ ತುಸು ತಿರುಗಿಸಿ ಮತ್ತೆ ಬಿಗಿದರೆ ಸಾಕೇ? ಉಂಗುರ ತಿರುಗಿಸಲು ಬಲ ಬೇಕಾಗುತ್ತದೆ ಎಂಬುದನ್ನು ಬಿಟ್ಟರೆ ಬೇರೆ ದೋಷ ಕಾಣುತ್ತಿಲ್ಲ.

ಉತ್ತರ 1:
ನೀವು ಬಿಟ್ಟುಬಿಡಬಹುದು ಎಂದುಕೊಂಡ ಆ ಬಿಗಿತವೇ ಮೂಲ ಕಾರಣವಾಗಿರಬಹುದು, ಆದ್ದರಿಂದ ಉಂಗುರವನ್ನು ಈಗಲೇ ಅಂದಾಜಿನ ಮೇಲೆ ಹೊಂದಿಸಬೇಡಿ. ಇಂಥ ಮೂರು ಗಾಜುಗಳ ಲೆನ್ಸಿನಲ್ಲಿ ಫೋಕಸ್‌ಗಾಗಿ ಸರಿಯುವುದು ಮುಂದಿನ ಗಾಜು ಮಾತ್ರ. ಅದು ನಡುವಿನ ಗಾಜಿನ ಲೋಹದ ಚೌಕಟ್ಟಿನೊಳಗಿನ ಥ್ರೆಡ್‌ನಲ್ಲಿ (ಸ್ಕ್ರೂವಿನಂಥ ಸುರುಳಿ ಗೆರೆಗಳಲ್ಲಿ) ತಿರುಗುತ್ತದೆ, ನಡುವಿನದು ಶಟರ್‌ಗೆ ಕಚ್ಚಿಕೊಂಡು ಅಲುಗದೆ ಇರಬೇಕು. ದಶಕಗಳ ಹಿಂದಿನ ಗ್ರೀಸ್ ಒಣಗಿ ಅಂಟಾದಾಗ (ಅಗ್ಫಾ ಐಸೊಲೆಟ್ ಎಂಬ ಮಡಿಚುವ ಕ್ಯಾಮೆರಾಗಳ ಹಸಿರು ಗ್ರೀಸ್ ಇದಕ್ಕೆ ಹೆಸರುವಾಸಿ) ಎರಡೂ ಒಂದಾಗಿಬಿಡುತ್ತವೆ, ಉಂಗುರ ತಿರುಗಿಸಿದಂತೆಲ್ಲ ನಡುವಿನ ಚೌಕಟ್ಟೇ ಶಟರ್‌ನಿಂದ ಕಳಚುತ್ತಾ ಬರುತ್ತದೆ.

ಪರೀಕ್ಷೆ ಸುಲಭ. ಮೂರು ಸ್ಕ್ರೂಗಳನ್ನು ಸಡಿಲಿಸಿ ಉಂಗುರ ತೆಗೆದು, ಮುಂದಿನ ಮತ್ತು ನಡುವಿನ ಗಾಜುಗಳ ಚೌಕಟ್ಟುಗಳ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆದು, ಮುಂದಿನದನ್ನು ತಿರುಗಿಸಿ. ಗೆರೆ ಮುರಿಯದೆ ಒಟ್ಟಿಗೆ ಸುತ್ತಿದರೆ ಅವು ಅಂಟಿಕೊಂಡಿವೆ. ಎರಡನ್ನೂ ಒಟ್ಟಿಗೆ ಬಿಚ್ಚಿ, ಸಂದಿಗೆ ಲೈಟರ್ ದ್ರವವನ್ನು ಹನಿಹನಿಯಾಗಿ ಬಿಟ್ಟು ಒಂದು ರಾತ್ರಿ ಇಡಿ. ದ್ರವ ಪೂರ್ತಿ ಆರಿದ ಮೇಲೆಯೇ ಹೇರ್ ಡ್ರೈಯರ್‌ನ ಬಿಸಿ ತೋರಿಸಿ. ಇಕ್ಕಳ ಬೇಡ, ಮೆತ್ತನೆಯ ಚೌಕಟ್ಟು ಒಮ್ಮೆ ಸೊಟ್ಟಗಾದರೆ ಮತ್ತೆ ದುಂಡಗಾಗದು. ಬೇರ್ಪಡುವ ಕ್ಷಣದಲ್ಲಿ ಎರಡೂ ಯಾವ ಕೋನದಲ್ಲಿದ್ದವು ಎಂದು ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ತಪ್ಪು ಸುತ್ತಿನಲ್ಲಿ ಕೂರಿಸಿ ದಿನವೆಲ್ಲ ಹೆಣಗಬೇಕಾಗುತ್ತದೆ.

ಉತ್ತರ 2:
ಮೇಲಿನವರ ಮಾತು ಸರಿ. ಥ್ರೆಡ್ ಶುಚಿಯಾಗಿ, ನಡುವಿನದು ಕೊನೆಯವರೆಗೆ ಬಿಗಿಯಾದ ನಂತರವೇ ಇನ್ಫಿನಿಟಿ ಹೊಂದಿಸಲು ಅರ್ಥವಿದೆ. ಅದಕ್ಕೆ ಅಂದಾಜು ಸಾಲದು. ಹಿಂಬಾಗಿಲು ತೆರೆದು, ಫಿಲ್ಮ್ ಕೂರುವ ಒಳಗಿನ ಜೋಡಿ ಹಳಿಗಳ ಮೇಲೆ ಉಜ್ಜಿದ ಗಾಜಿನ ತುಂಡನ್ನು, ಒರಟು ಮುಖ ಲೆನ್ಸಿನ ಕಡೆಗಿರುವಂತೆ ಇಡಿ. ಹೊರಗಿನ ಹಳಿಗಳ ಮೇಲಿಟ್ಟರೆ ಅಳತೆಯೇ ತಪ್ಪುತ್ತದೆ. ಟ್ರೇಸಿಂಗ್ ಹಾಳೆಯೂ ನಡುವೆ ಜೋತುಬಿದ್ದು ಮೋಸ ಮಾಡುತ್ತದೆ. ಶಟರನ್ನು ‘ಬಿ’ಯಲ್ಲಿ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಗುರುತಿನಲ್ಲಿ) ತೆರೆದು ಹಿಡಿದು, ಅಪರ್ಚರ್ (ಬೆಳಕು ಹಾಯುವ ರಂಧ್ರ) ಪೂರ್ತಿ ತೆರೆದು, ಭೂತಗನ್ನಡಿಯಿಂದ ನೋಡುತ್ತಾ ಮುಂದಿನ ಗಾಜನ್ನು ತಿರುಗಿಸಿ. ಗುರಿ ಕನಿಷ್ಠ ಕೆಲವು ನೂರು ಮೀಟರ್ ದೂರವಿರಲಿ, ಏಕೆಂದರೆ 30 ಮೀಟರ್ ದೂರದ ಗೋಡೆಯನ್ನು ನಂಬಿದರೆ ಈ ಲೆನ್ಸಿನಲ್ಲಿ ಬಿಂಬದ ಸ್ಥಾನ ಸುಮಾರು 0.24 ಮಿ.ಮೀ. ತಪ್ಪುತ್ತದೆ, ಒಂದು ಕಿಲೋಮೀಟರ್ ದೂರದ ಕಂಬಕ್ಕೆ ಅದು 0.01 ಮಿ.ಮೀ.ಗಿಂತಲೂ ಕಡಿಮೆ. ಬಿಂಬ ಸ್ಪಷ್ಟವಾದಲ್ಲಿ ಗಾಜನ್ನು ಅಲುಗಿಸದೆ ಉಂಗುರವನ್ನು ಇನ್ಫಿನಿಟಿ ಗುರುತಿಗೆ ತಂದು ಮೂರೂ ಸ್ಕ್ರೂಗಳನ್ನು ಸರದಿಯಂತೆ ಬಿಗಿಯಿರಿ.

ಪ್ರಶ್ನೆ ಕೇಳಿದವರು:
ಗೆರೆ ಮುರಿಯಲೇ ಇಲ್ಲ! ಎರಡನೆಯ ರಾತ್ರಿಯ ನಂತರ ಬೇರ್ಪಟ್ಟವು. ಒಳಗೆ ಪಾಚಿಯಂಥ ಹಸಿರು ಮೇಣವಿತ್ತು. ನಡುವಿನ ಚೌಕಟ್ಟು ಅರ್ಧ ಸುತ್ತು ಕಳಚಿತ್ತು. ಈಗ ಉಜ್ಜಿದ ಗಾಜಿನ ಮೇಲೆ ಬಿಂಬದ ನಡುಭಾಗ ಸ್ಪಷ್ಟವಾಗಿದೆ, ಆದರೆ ಎಡ ಅಂಚು ಮಾತ್ರ ತುಸು ಮಸುಕಾಗಿದೆ.

ಉತ್ತರ 3:
ಒಂದೇ ಅಂಚು ಮಸುಕಾಗಿದ್ದರೆ ಅದು ಫೋಕಸ್ ಉಂಗುರದ ದೋಷವಲ್ಲ, ಲೆನ್ಸ್ ಹಿಡಿದಿರುವ ಮುಂಭಾಗ ಫಿಲ್ಮಿಗೆ ಸಮಾನಾಂತರವಾಗಿ ನಿಂತಿಲ್ಲ. ಮಡಿಚುವ ತೋಳುಗಳು ಎರಡೂ ಕಡೆ ಪೂರ್ತಿ ಕಚ್ಚಿಕೊಂಡಿವೆಯೇ ನೋಡಿ. ಶಟರನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಎಡ ಅಂಚು ಸ್ಪಷ್ಟವಾದರೆ ಆ ತೋಳನ್ನು ನೇರ ಮಾಡಬೇಕು. ಆಮೇಲೆ ಎರಡು ಮೀಟರ್ ದೂರದಲ್ಲಿಯೂ ಒಮ್ಮೆ ಪರೀಕ್ಷಿಸಿ, ಅಳತೆಪಟ್ಟಿಯನ್ನು ಲೆನ್ಸಿನ ತುದಿಯಿಂದಲ್ಲದೆ ಫಿಲ್ಮ್ ಕೂರುವ ಜಾಗದಿಂದ ಹಿಡಿಯಿರಿ.