ಕಂಪೈಲ್‌ಗೆ 'ಸಂಕಲಿಸು' ಸರಿಯೇ? ಇನ್‌ಸ್ಟಾಲ್‌ಗೆ 'ಕೂರಿಸು' ಆಗಬಹುದೇ?

ಎಲ್ಲರಿಗೂ ನಮಸ್ಕಾರ.

ಹಾರ್ಫ್‌ಬಜ್ ಲೈಬ್ರರಿಯನ್ನು (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ಸೋರ್ಸ್ ಕೋಡ್‌ನಿಂದಲೇ ಕಂಪೈಲ್ ಮಾಡಿ ಹಾಕಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿ ನಮ್ಮ ಒತ್ತಕ್ಷರ, ಅರ್ಕಾವತ್ತು ತಮ್ಮ ತಮ್ಮ ಜಾಗದಲ್ಲಿ ನಿಲ್ಲುವುದು ಈ ಲೈಬ್ರರಿಯಿಂದಲೇ. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರಕ್ಕೂ ಹಂತಗಳನ್ನು ಬರೆದಾಯಿತು. ಸಿಕ್ಕಿಹಾಕಿಕೊಂಡಿದ್ದು ಪದಗಳಲ್ಲಿ.

ಟರ್ಮಿನಲ್‌ನಲ್ಲಿ ಹೊಡೆಯಬೇಕಾದ ಸಾಲು 'ಮೆಸನ್ ಕಂಪೈಲ್ -ಸಿ ಬಿಲ್ಡ್' (ಮೆಸನ್ ಅನ್ನುವುದು ಈ ಕೆಲಸ ಮಾಡಿಸುವ ಟೂಲ್). ಒಂದೇ ಸಾಲಿನಲ್ಲಿ ಕಂಪೈಲೂ ಇದೆ, ಬಿಲ್ಡೂ ಇದೆ. ಬಿಲ್ಡ್‌ಗೆ 'ಕಟ್ಟು' ಅಂದುಬಿಟ್ಟೆ, ಅದರಲ್ಲಿ ತಕರಾರಿಲ್ಲ. ಕಂಪೈಲ್‌ಗೆ 'ಸಂಕಲಿಸು' ಅಂತ ಬರೆಯುವವರಿದ್ದಾರೆ. ಸಂಕಲನ ಅಂದರೆ ನಮಗೆ ಕವನ ಸಂಕಲನ, ಸಿನಿಮಾ ಸಂಕಲನ, ಶಾಲೆಯ ಕೂಡುವ ಲೆಕ್ಕ. ಎಲ್ಲ ಕಡೆಯೂ ಇರುವುದನ್ನೇ ಒಟ್ಟು ಸೇರಿಸುವುದು. ಸಿ ಪ್ಲಸ್ ಪ್ಲಸ್ ಕೋಡನ್ನು ಯಂತ್ರದ ಭಾಷೆಗೆ ಇಳಿಸುವುದು ಒಟ್ಟು ಸೇರಿಸುವ ಕೆಲಸ ಅಲ್ಲ, ಅಲ್ವಾ?

ಹಿಂದಕ್ಕೆ ಹೋಗಿ ನೋಡಿದರೆ ಈ ತೊಡಕು ಇಂಗ್ಲಿಷಿನಲ್ಲೇ ಇದೆ. 1952ರ ಹೊತ್ತಿಗೆ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಯೂನಿವ್ಯಾಕ್ ಕಂಪ್ಯೂಟರಿಗಾಗಿ ಬರೆದ ಎ-0 ಅನ್ನುವ ಪ್ರೋಗ್ರಾಮನ್ನು ಕಂಪೈಲರ್ ಅಂತ ಕರೆದರು. ಟೇಪಿನಲ್ಲಿದ್ದ ಪ್ರೋಗ್ರಾಂ ತುಣುಕುಗಳನ್ನು ನಂಬರ್ ಹಿಡಿದು ಹೆಕ್ಕಿ ತಂದು ಜೋಡಿಸುವುದು ಅದರ ಕೆಲಸ. ಅಂದರೆ ನಿಜವಾದ ಸಂಕಲನವೇ! ಇವತ್ತು ಆ ಕೆಲಸ ಹೆಚ್ಚುಕಮ್ಮಿ ಲಿಂಕರ್ ಅನ್ನುವ ಬೇರೆ ಪ್ರೋಗ್ರಾಮಿನದ್ದು. ಹಾಗಂತ ಈಗ 'ಸಂಕಲಿಸು' ಪದವನ್ನು ಲಿಂಕ್‌ಗೆ ಕೊಟ್ಟರೆ ಗೊಂದಲ ಜಾಸ್ತಿಯಾಗುತ್ತದೆ. ಸುಮ್ನೆ 'ಕಂಪೈಲ್ ಮಾಡು' ಅಂತಲೇ ಇಟ್ಟುಕೊಳ್ಳೋಣ ಅನ್ನುವ ಕಡೆ ನಾನಿದ್ದೇನೆ. ಬೇರೆ ಪದ ಹೊಳೆದರೆ ಹೇಳಿ.

ಇನ್ನು ಇನ್‌ಸ್ಟಾಲ್. 'ಅನುಸ್ಥಾಪಿಸು' ಮೆನುಗಳಲ್ಲಿ ಕಾಣುತ್ತದೆ, ಯಾರ ಬಾಯಲ್ಲೂ ಕೇಳಿಲ್ಲ. 'ಹಾಕು' ಸಾಕು ಅಂದುಕೊಂಡಿದ್ದೆ. ಆದರೆ ಮೊನ್ನೆ ಲಿನಕ್ಸ್‌ನಲ್ಲಿ ಎಲ್ಲ ಹಾಕಿದ ಮೇಲೂ ಪ್ರೋಗ್ರಾಂ 'ಅಂಥ ಫೈಲ್ ಇಲ್ಲ' ಅಂತ ಹಟ ಹಿಡಿಯಿತು. ಫೈಲ್ ನನ್ನ ಕಣ್ಣೆದುರಿಗೇ, ಯೂಸರ್ ಲೋಕಲ್ ಲಿಬ್ ಫೋಲ್ಡರಿನಲ್ಲೇ ಇದೆ! 'ಎಲ್‌ಡಿಕಾನ್ಫಿಗ್' ಅನ್ನುವ ಕಮಾಂಡ್ ಓಡಿಸಿ ಅದರ ಜಾಗವನ್ನು ಸಿಸ್ಟಂಗೆ ತಿಳಿಸಿದ ಮೇಲೆ ಸರಿಹೋಯಿತು.

ಆಗ ನೆನಪಾಗಿದ್ದು ನಮ್ಮ ಕಡೆ ಬೋರ್‌ವೆಲ್‌ಗೆ ಮೋಟರ್ 'ಕೂರಿಸುವ' ಮಾತು. ಮೋಟರ್ ತಂದು ಹೊಲದಲ್ಲಿ ಇಳಿಸಿದರೆ ಕೂರಿಸಿದ ಹಾಗಾಗುವುದಿಲ್ಲ. ಪೈಪು, ಕೇಬಲ್ಲು, ಸ್ಟಾರ್ಟರ್ ಎಲ್ಲ ಸೇರಿ ನೀರು ಬಂದರೇನೇ ಕೂರಿಸಿದ್ದು. ಲೈಬ್ರರಿಗೂ ಇದು ಚೆನ್ನಾಗಿ ಒಪ್ಪುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಲೈಬ್ರರಿಯ ಡಿಎಲ್‌ಎಲ್ ಫೈಲನ್ನು ಪ್ರೋಗ್ರಾಂ ಪಕ್ಕದಲ್ಲೇ ಇಟ್ಟರೂ ನಡೆಯುತ್ತದೆ. ಅಲ್ಲಿ 'ಇಡು' ಅಂತಲೇ ಬರೆದಿದ್ದೇನೆ.

ಗೆಳೆಯನಿಗೆ ತೋರಿಸಿದರೆ, "ಹಾಗಾದ್ರೆ ಅನ್‌ಇನ್‌ಸ್ಟಾಲ್‌ಗೆ ಏನಂತೀಯ, ಗಣಪತಿ ಬಿಡೋದು ಅಂತಾನಾ?" ಅಂದ. ಉತ್ತರ ಹೊಳೆಯಲಿಲ್ಲ. 'ತೆಗೆ' ಅಂತ ಬರೆದು ಮುಂದೆ ಹೋಗಿದ್ದೇನೆ.

ಧಾರವಾಡದ ಕಡೆಯವರಲ್ಲಿ ಒಂದು ಪ್ರಶ್ನೆ. ನಿಮ್ಮಲ್ಲಿ ಗಣಪತಿಯನ್ನು 'ಕೂಡ್ರಿಸು', 'ಕುಂಡ್ರಿಸು' ಅನ್ನುವುದನ್ನು ಕೇಳಿದ್ದೇನೆ. ಮೋಟರಿಗೂ ಅದೇ ಮಾತು ಬಳಸುತ್ತೀರಾ? ಬರಹದಲ್ಲಿ 'ಕೂರಿಸು' ಅಂತ ಓದಿದರೆ ನಿಮಗೆ ಬೆಂಗಳೂರು ಕಡೆಯ ಮಾತು ಅನ್ನಿಸುತ್ತದೆಯೇ?