ಬಿಸಿಲುಕೋಲಿನಲ್ಲಿ ಕಂಡ ಅಂಗಿ

ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮೈಸೂರಿನ ನಮ್ಮ ನಡುಮನೆಯ ಪೂರ್ವದ ಕಿಟಕಿಯಿಂದ ಒಂದು ಬಿಸಿಲುಕೋಲು ನೆಲದವರೆಗೆ ಚಾಚಿಕೊಳ್ಳುತ್ತದೆ. ಬ್ಯಾಂಕಿನಿಂದ ನಿವೃತ್ತರಾದ ರಾಯರು, ಊರಿನಲ್ಲಿ ಗದ್ದೆ ಇಟ್ಟುಕೊಂಡೇ ಪಟ್ಟಣದಲ್ಲಿ ಮನೆ ಮಾಡಿರುವ ಗೌಡರು, ರಸಾಯನಶಾಸ್ತ್ರ ಕಲಿಸಿ ದಣಿದ ನಮ್ಮ ಮೇಷ್ಟ್ರು, ಈ ಮೂವರೂ ಅದೇ ಹೊತ್ತಿಗೆ ಕಾಫಿಯ ನೆಪದಲ್ಲಿ ಒಳಗೆ ಚಾಚಿಕೊಳ್ಳುತ್ತಾರೆ. ರಸ್ತೆಯ ಧೂಳಿಗೆ ಹೆದರಿ ತಮ್ಮ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿರುವುದಾಗಿ ರಾಯರು ಅಂದು ಹೆಮ್ಮೆಯಿಂದ ಪ್ರಕಟಿಸಿದರು. "ಹೊರಗಿನ ಕೊಳೆ ಹೊರಗೇ ಇರಲಿ, ಒಳಗೆ ನಾವು ಕ್ಷೇಮ" ಎಂದು ಅವರು ಮುಗಿಸುವಷ್ಟರಲ್ಲಿ, ಮೇಷ್ಟ್ರು ಬಿಸಿಲಿನಲ್ಲಿ ತೇಲುತ್ತಿದ್ದ ಕಣಗಳತ್ತ ಬೆರಳು ತೋರಿಸಿ, "ರಾಯರೇ, ಅಲ್ಲಿ ನೋಡಿ, ನಿಮ್ಮ ಅಂಗಿ ಹಾರಾಡುತ್ತಿದೆ" ಎಂದರು.

ರಾಯರು ಗಾಬರಿಯಿಂದ ಎದೆ ಮುಟ್ಟಿಕೊಂಡರು. ಅಂಗಿ ಸ್ವಸ್ಥಾನದಲ್ಲಿಯೇ ಇತ್ತು.

ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆಂದೂ, ಸಮುದ್ರದ ಮೀನಿಗೆ ಮಾತ್ರ ಅದರ ಕಾಟವೆಂದು ನಾವು ತಿಳಿದಿರುವುದು ತಪ್ಪೆಂದೂ ಮೇಷ್ಟ್ರು ವಿವರಿಸತೊಡಗಿದರು. ಪ್ಯಾರಿಸ್ಸಿನ ಎರಡು ಮನೆಗಳಲ್ಲಿ ಮತ್ತು ಒಂದು ಕಚೇರಿಯಲ್ಲಿ ಅಳತೆ ಮಾಡಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಳಗಿನ ಗಾಳಿಯ ಪ್ರತಿ ಘನ ಮೀಟರಿನಲ್ಲಿ 1ರಿಂದ 60 ಎಳೆಗಳಿದ್ದರೆ ಹೊರಗಿನ ಗಾಳಿಯಲ್ಲಿ ಇದ್ದದ್ದು 0.3ರಿಂದ 1.5 ಮಾತ್ರ. ಒಳಗಿನ ಎಳೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಪೆಟ್ರೋಲಿಯಂ ಮೂಲದ್ದು, ಎಂದರೆ ಪ್ಲಾಸ್ಟಿಕ್ ಜಾತಿಯದು, ಉಳಿದದ್ದು ಹತ್ತಿಯಂತಹ ಸಹಜ ಮೂಲದ್ದು. ಬಟ್ಟೆ, ಪರದೆ, ಸೋಫಾದ ಹೊದಿಕೆ, ಜಮಖಾನೆ ಎಲ್ಲವೂ ಉಜ್ಜಿದಷ್ಟೂ ಸವೆದು ಎಳೆ ಉದುರಿಸುತ್ತವೆ. ಹೊರಗಾದರೆ ಗಾಳಿ ಅವನ್ನು ಚದುರಿಸಿಬಿಡುತ್ತದೆ, ಒಳಗೆ ಅವಕ್ಕೆ ಹೋಗಲು ದಾರಿಯಿಲ್ಲ.

"ಎಂದರೆ ನಾನು ಕಳ್ಳನನ್ನು ಒಳಗೆ ಕೂಡಿಸಿಕೊಂಡು ಬಾಗಿಲಿಗೆ ಅಗುಳಿ ಹಾಕಿದ್ದೇನೆ" ಎಂದು ರಾಯರು ನಿಟ್ಟುಸಿರು ಬಿಟ್ಟು, ನಿಟ್ಟುಸಿರಿನ ನಂತರ ಉಸಿರನ್ನು ಒಳಗೆಳೆದುಕೊಳ್ಳಲೇಬೇಕಾಗುತ್ತದೆಂಬುದು ಹೊಳೆದು ಕಂಗಾಲಾದರು. "ಆದರೆ ನನ್ನದು ಪ್ಲಾಸ್ಟಿಕ್ ಅಲ್ಲ, ಪಾಲಿಯೆಸ್ಟರ್. ನನ್ನ ಮದುವೆಗೆ ಟೆರಿಲಿನ್ ಸೂಟನ್ನೇ ಹೊಲಿಸಿದ್ದರು, ಇಡೀ ಬೀದಿಯೇ ಬಂದು ಮುಟ್ಟಿ ನೋಡಿತ್ತು."

"ಟೆರಿಲಿನ್ನೂ ಪಾಲಿಯೆಸ್ಟರೇ. ನೀರಿನ ಬಾಟಲಿಯನ್ನು ಮಾಡುವುದೂ ಅದೇ ಪದಾರ್ಥದಿಂದ."

"ಹಾಗಾದರೆ ನಾನು ಧಾರೆಗೆ ನೀರಿನ ಬಾಟಲಿ ತೊಟ್ಟು ಕುಳಿತಿದ್ದೆನೇ?"

ಗೌಡರು ನಕ್ಕದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ಫ್ರಾನ್ಸಿನ ತುಲೂಸ್ ನಗರದವರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಮನೆಯ ಗಾಳಿಯ ಘನ ಮೀಟರಿಗೆ 528ರಷ್ಟೂ ಕಾರಿನ ಒಳಗೆ 2,238ರಷ್ಟೂ ಕಂಡುಬಂದಿದ್ದವೆಂದು ಮೇಷ್ಟ್ರು ಅವರತ್ತ ತಿರುಗಿದರು. ಗೌಡರು ಹೊಸ ಕಾರು ಕೊಂಡು ನಾಲ್ಕು ತಿಂಗಳಾಗಿದ್ದರೂ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ತೆಗೆದರೆ ಕಾರು ಹಳೆಯದಾಗುತ್ತದೆ ಎಂಬುದು ಅವರ ಸಿದ್ಧಾಂತ. ನೆದರ್‌ಲೆಂಡ್ಸಿನಲ್ಲಿ 22 ಮಂದಿಯ ರಕ್ತ ಪರೀಕ್ಷಿಸಿದಾಗ 17 ಮಂದಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿತೆಂಬ 2022ರ ಸುದ್ದಿಯನ್ನೂ ಮೇಷ್ಟ್ರು ಸೇರಿಸಿದಾಗ, ಗೌಡರು ಗಂಭೀರವಾಗಿ, "ಉಳಿದ ಐವರು ಕಾರು ಕೊಳ್ಳದೆ ಇದ್ದವರೇ ಇರಬೇಕು" ಎಂದರು.

ಅಷ್ಟರಲ್ಲಿ ನನ್ನಾಕೆ ಪೊರಕೆ ಹಿಡಿದು ಬಂದು ಬಿಸಿಲುಕೋಲಿನ ಬುಡದಲ್ಲಿಯೇ ಗುಡಿಸತೊಡಗಿದಳು. ಪೊರಕೆಯ ಕೆಂಪು ಎಳೆಗಳೂ ಪ್ಲಾಸ್ಟಿಕ್ಕೇ. ಸಾವಿರ ಕಣಗಳು ಒಮ್ಮೆಗೇ ಎದ್ದು ಕುಣಿದವು. ಮೂವರು ಅತಿಥಿಗಳೂ ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ರಾಯರ ಕರವಸ್ತ್ರವೂ ಪಾಲಿಯೆಸ್ಟರೆಂದು ಮೇಷ್ಟ್ರು ಹೇಳಬೇಕಾಗಿರಲಿಲ್ಲ, ಆದರೂ ಹೇಳಿದರು.

"ತಾಯಿ, ಒಣ ಪೊರಕೆ ಧೂಳನ್ನು ನೆಲದಿಂದ ಮೂಗಿಗೆ ಸಾಗಿಸುತ್ತದೆ. ಹತ್ತಿಯ ಬಟ್ಟೆಯನ್ನು ಒದ್ದೆ ಮಾಡಿ ಒರೆಸುವುದು ಮೇಲು. ಸಿಡ್ನಿಯ 32 ಮನೆಗಳಲ್ಲಿ ನೋಡಿದಾಗ, ನೆಲಕ್ಕೆ ಕಾರ್ಪೆಟ್ ಹಾಸಿದ್ದವರಲ್ಲಿ ಪೆಟ್ರೋಲಿಯಂ ಎಳೆಗಳು ಸುಮಾರು ಎರಡರಷ್ಟಿದ್ದವು. ನಿಮ್ಮ ರೆಡ್ ಆಕ್ಸೈಡ್ ನೆಲ ಬಂಗಾರ."

"ಒರೆಸಿದ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಗೌಡರು ಕೇಳಿದರು.

"ಮೋರಿಗೆ."

"ಮೋರಿಯ ನೀರು ಕೆರೆಗೆ, ಕೆರೆಯ ನೀರು ನನ್ನ ಗದ್ದೆಗೆ. ನೀವು ಒರೆಸುತ್ತಿರಿ, ನಾನು ಬೆಳೆಯುತ್ತಿರುತ್ತೇನೆ."

ಕೆಲಸದಾಕೆ ಬಂದಿರಲಿಲ್ಲವಾದ್ದರಿಂದ ಅಂದಿನ ಕಾಫಿ ಕಾಗದದ ಲೋಟಗಳಲ್ಲಿ ಬಂದಿತು. ಮೇಷ್ಟ್ರ ಮುಖ ಅರಳಿದ್ದನ್ನು ಕಂಡೇ ನನಗೆ ಅಪಾಯದ ಅರಿವಾಯಿತು. ಕಾಗದದ ಲೋಟದ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆಂದೂ, ಖರಗ್‌ಪುರದ ಐಐಟಿಯವರು 85ರಿಂದ 90 ಡಿಗ್ರಿಯಷ್ಟು ಬಿಸಿಯಾದ 100 ಮಿಲಿಲೀಟರ್ ನೀರನ್ನು ಅಂತಹ ಲೋಟದಲ್ಲಿ 15 ನಿಮಿಷ ಇಟ್ಟಾಗ ಸುಮಾರು 25,000 ಕಣಗಳು ಬಿಡುಗಡೆಯಾದವೆಂದೂ ಅವರು ತಿಳಿಸಿದರು. "ಹದಿನಾಲ್ಕು ನಿಮಿಷದಲ್ಲಿ ಕುಡಿದುಬಿಟ್ಟರಾಯಿತು" ಎಂದು ಗೌಡರು ಲೋಟಕ್ಕೆ ಕೈ ಚಾಚಿದರು. ಹದಿನೈದನೆಯ ನಿಮಿಷಕ್ಕಾಗಿ ಪ್ಲಾಸ್ಟಿಕ್ಕು ಗಡಿಯಾರ ನೋಡುತ್ತ ಕಾಯುವುದಿಲ್ಲವೆಂದು ಮೇಷ್ಟ್ರು ಆ ಕೈಯನ್ನು ತಡೆದರು.

ನನ್ನಾಕೆ ಒಂದು ಮಾತನ್ನೂ ಆಡದೆ ಒಳಗೆ ಹೋಗಿ, ನಾಲ್ಕು ಸ್ಟೀಲ್ ಲೋಟಗಳಲ್ಲಿ ಬೇರೆ ಕಾಫಿ ತಂದಿಟ್ಟು, "ಕುಡಿದಾದ ಮೇಲೆ ತೊಳೆಯುವವರು ಯಾರೆಂಬುದನ್ನೂ ವಿಜ್ಞಾನದಲ್ಲಿ ನೋಡಿ ಹೇಳಿ" ಎಂದಳು. ಚೀಟಿ ಎತ್ತಿದಾಗ ಹೆಸರು ಬಂದದ್ದು ರಾಯರದು.

ಅವರು ತೋಳು ಮಡಿಸಿ ಬಚ್ಚಲಿಗೆ ಹೋಗಿ ಪಾತ್ರೆ ಉಜ್ಜುವ ನಾರನ್ನು ಕೈಗೆತ್ತಿಕೊಂಡರೆ, ಅದೂ ಹಸಿರು ಪ್ಲಾಸ್ಟಿಕ್ಕೇ. ಹೂವಿನೊಡನೆ ನಾರೂ ಸ್ವರ್ಗ ಸೇರುವುದನ್ನು ಕೇಳಿದ್ದ ನಮಗೆ, ಲೋಟದೊಡನೆ ನಾರು ಹೊಟ್ಟೆ ಸೇರುವುದು ಹೊಸದು. ಗೌಡರು ಹಿತ್ತಲಿಗೆ ಹೋಗಿ ತೆಂಗಿನ ಮಟ್ಟೆಯಿಂದ ಒಂದು ಹಿಡಿ ನಾರು ಕಿತ್ತು ತಂದುಕೊಟ್ಟರು. ರಾಯರು ಎರಡು ಕೈಗಳಲ್ಲಿ ಎರಡು ಬಗೆಯ ನಾರು ಹಿಡಿದು ನಡುಮನೆಗೆ ಬಂದು, ಅತ್ಯಂತ ವಿನಯದಿಂದ ಕೇಳಿದರು:

"ಮೇಷ್ಟ್ರೇ, ಈ ನಾಲ್ಕರಲ್ಲಿ ತಮ್ಮ ಲೋಟ ಯಾವುದು? ಅದೊಂದನ್ನು ಹಸಿರು ನಾರಿನಲ್ಲಿ ಉಜ್ಜುತ್ತೇನೆ."