√2 ಅಭಾಗಲಬ್ಧ ಅನ್ನೋ ಸಾಧನೆಯನ್ನು ಇಂಟ್ಯೂಷನಿಸ್ಟರು ಒಪ್ಪುತ್ತಾರಾ?

ರಾಯಚೂರು ಲೆಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಗಣಿತದ ತಳಹದಿ ಕುರಿತು ಎರಡು ತಾಸಿನ ಪಾಠ ಮಾಡುವುದಿದೆ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ‘ಪ ನಿಜ, ಇಲ್ಲವೇ ಪ ಸುಳ್ಳು, ಮೂರನೆಯದಿಲ್ಲ’ ಅನ್ನೋ ನಿಯಮವನ್ನು ಇಂಟ್ಯೂಷನಿಸಂ (ಕಟ್ಟಿ ತೋರಿಸಿದರೆ ಮಾತ್ರ ‘ಇದೆ’ ಎಂದು ಒಪ್ಪುವ ಗಣಿತ ಪಂಥ) ಹುಟ್ಟುಹಾಕಿದ ಡಚ್ ಗಣಿತಜ್ಞ ಬ್ರೌವರ್ ಒಪ್ಪಲಿಲ್ಲ. ಹಾಗಾದರೆ ಹತ್ತನೇ ತರಗತಿಯಲ್ಲಿ ನಾವೇ ಕಲಿಸುವ √2ರ ಸಾಧನೆ ಏನಾಗುತ್ತದೆ? ಅಲ್ಲಿ √2 = ಮ/ನ (ಮ, ನ ಗೆ ಸಾಮಾನ್ಯ ಅಪವರ್ತನ ಇಲ್ಲ) ಎಂದು ಊಹಿಸಿ, ಮ, ನ ಎರಡೂ ಸಮಸಂಖ್ಯೆ ಎಂದು ತೋರಿಸಿ, ವೈರುಧ್ಯ ಬಂತು ಅಂತ ಮುಗಿಸುತ್ತೇವೆ. ಇದು ಅವರ ಲೆಕ್ಕದಲ್ಲಿ ಬಿದ್ದುಹೋಗುತ್ತದೆಯೇ? ಇನ್ನೊಂದು: ಇಂಟ್ಯೂಷನಿಸ್ಟ್ ತರ್ಕದಲ್ಲಿ ನಿಜ, ಸುಳ್ಳು ಬಿಟ್ಟು ಮೂರನೇ ಬೆಲೆ ಇದೆ ಎಂದು ಟಿಪ್ಪಣಿ ಮಾಡಿಕೊಂಡಿದ್ದೇನೆ. ಸರಿಯೇ?

ಮುನಿರಾಬಾದ್ ಎಡದಂಡೆ

ಸರ್, √2ರ ಸಾಧನೆ ಬೀಳುವುದಿಲ್ಲ. ಒಂದಕ್ಷರವೂ ಬದಲಿಸದೆ ಹಾಗೇ ಕಲಿಸಿ. ತೊಡಕಿರುವುದು ‘ವೈರುಧ್ಯದಿಂದ ಸಾಧನೆ’ ಅನ್ನೋ ಒಂದೇ ಹೆಸರಿನಡಿ ನಾವು ಎರಡು ಬೇರೆ ಕೆಲಸ ಮಾಡುತ್ತಿರುವುದರಲ್ಲಿ.

ಮೊದಲನೆಯದು: ಪ ಎಂದು ಊಹಿಸಿದೆ, ವೈರುಧ್ಯ ಬಂತು, ಆದ್ದರಿಂದ ¬ಪ (‘ಪ ಅಲ್ಲ’). ಇಂಟ್ಯೂಷನಿಸ್ಟ್ ತರ್ಕದಲ್ಲಿ ¬ಪ ಅಂದರೆ ಅರ್ಥವೇ ಇಷ್ಟು, ‘ಪ ಇಂದ ವೈರುಧ್ಯಕ್ಕೆ ಹೋಗುವ ದಾರಿ ನನ್ನ ಕೈಯಲ್ಲಿದೆ’. ಅಭಾಗಲಬ್ಧ ಅನ್ನುವುದು ‘ಭಾಗಲಬ್ಧ ಅಲ್ಲ’ ಅನ್ನೋ ನಿಷೇಧದ ಮಾತು. ಹಾಗಾಗಿ √2ರದ್ದು ಈ ಗುಂಪಿಗೆ ಸೇರುತ್ತದೆ.

ಎರಡನೆಯದು: ¬ಪ ಎಂದು ಊಹಿಸಿದೆ, ವೈರುಧ್ಯ ಬಂತು, ಆದ್ದರಿಂದ ಪ. ಇಲ್ಲಿ ನಿಜಕ್ಕೂ ಸಿಕ್ಕಿದ್ದು ¬¬ಪ ಮಾತ್ರ. ಅದರಿಂದ ಪ ಗೆ ಇಳಿಯುವ ಮೆಟ್ಟಿಲನ್ನು ಅವರು ಕೊಡುವುದಿಲ್ಲ. ಬೋರ್ಡಿನ ಮೇಲೆ ಇವೆರಡನ್ನೂ ಅಕ್ಕಪಕ್ಕ ಬರೆದರೆ ಅರ್ಧ ಪಾಠ ಮುಗಿದಂತೆ.

ಯಾಕೆ ಕೊಡುವುದಿಲ್ಲ ಅಂತ ಹುಡುಗರು ಕೇಳಿಯೇ ಕೇಳುತ್ತಾರೆ. ತುಂಗಭದ್ರಾ ಡ್ಯಾಮಿಗೆ 33 ಕ್ರಸ್ಟ್ ಗೇಟುಗಳಿವೆ. ‘ಎಲ್ಲವೂ ಮುಚ್ಚಿವೆ ಅನ್ನೋದು ಸುಳ್ಳು’ ಎಂದು ಗೊತ್ತಾದರೆ ‘ಯಾವುದೋ ಒಂದು ತೆರೆದಿದೆ’ ಎನ್ನಲು ಬ್ರೌವರ್‌ಗೂ ಅಡ್ಡಿಯಿಲ್ಲ. 1ರಿಂದ 33ರವರೆಗೆ ನಡೆದು ನೋಡಿದರೆ ನಂಬರು ಸಿಕ್ಕೇ ಸಿಗುತ್ತದೆ. ಗೇಟುಗಳ ಸಾಲಿಗೆ ಕೊನೆಯೇ ಇಲ್ಲದಿದ್ದರೆ? ನಡೆಯುತ್ತಲೇ ಇರಬೇಕು; ಯಾವತ್ತು ನಿಲ್ಲುತ್ತೇವೆ ಅನ್ನುವ ಖಾತ್ರಿ ಇಲ್ಲ. ಎಣಿಸಿ ಮುಗಿಯುವ ಗುಂಪಿನಲ್ಲಿ ಕಲಿತ ನಿಯಮವನ್ನು ಎಣಿಸಿ ಮುಗಿಯದ ಗುಂಪಿಗೆ ಕೇಳದೆ ಹೊತ್ತೊಯ್ದಿದ್ದೇವೆ ಅನ್ನುವುದೇ 1908ರಿಂದ ಬ್ರೌವರ್ ಅವರ ಆಕ್ಷೇಪ. ‘ಇದೆ’ ಅಂದರೆ ನಂಬರು ಕೊಡಬೇಕು. 2024ರ ಆಗಸ್ಟ್‌ನಲ್ಲಿ ಚೈನ್ ತುಂಡಾದಾಗ ‘ಯಾವುದೋ ಒಂದು ಗೇಟು ಹೋಗಿದೆ’ ಅನ್ನುವ ಮಾತಿನಿಂದ ಕೆಲಸ ಆಗುತ್ತಿರಲಿಲ್ಲ. 19 ಅನ್ನೋ ನಂಬರು ಗೊತ್ತಿದ್ದರೆ ತಾನೇ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಗೇಟು) ಇಳಿಸೋದು.

√2ಕ್ಕೆ ಮತ್ತೆ ಬರ್ತೀನಿ. ‘ಅಲ್ಲ’ ಅನ್ನುವುದಷ್ಟೇ ಅಲ್ಲ, ‘ಎಷ್ಟು ದೂರ’ ಅನ್ನುವುದೂ ಸಿಗುತ್ತದೆ. ಮ, ನ ಧನಪೂರ್ಣಾಂಕ ಇರಲಿ. ಮ²ರ ಅಪವರ್ತನಗಳಲ್ಲಿ 2 ಸಮ ಸಲ ಬರುತ್ತದೆ, 2ನ²ರಲ್ಲಿ ಬೆಸ ಸಲ. ಹಾಗಾಗಿ ಅವೆರಡು ಒಂದೇ ಸಂಖ್ಯೆ ಆಗಿರಲಾರವು. ಪೂರ್ಣಾಂಕಗಳಾದ್ದರಿಂದ ಅಂತರ ಕನಿಷ್ಠ 1. ಈಗ

|√2 − ಮ/ನ| = |2ನ² − ಮ²| ÷ ನ²(√2 + ಮ/ನ)

ಮ/ನ 1.5ಕ್ಕಿಂತ ಹೆಚ್ಚಿಲ್ಲದಿದ್ದರೆ ಆವರಣದೊಳಗಿನ ಮೊತ್ತ 3ಕ್ಕಿಂತ ಕಡಿಮೆ. ಆದ್ದರಿಂದ ದೂರ 1/(3ನ²)ಗಿಂತ ಹೆಚ್ಚು. 1.5ನ್ನು ದಾಟಿದ್ದರೆ ದೂರ ಹೇಗೂ 0.08ಕ್ಕಿಂತ ಜಾಸ್ತಿ. 7/5 ಇಟ್ಟು ನೋಡಿ: ನಿಯಮ ಹೇಳುವುದು 1/75, ಅಂದರೆ 0.0133, ನಿಜವಾದ ದೂರ 0.0142. ಎರಡು ಭಾಗಲಬ್ಧ ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಅಂತ ಯಾವಾಗಲೂ ಲೆಕ್ಕ ಹಾಕಿ ತೀರ್ಮಾನಿಸಬಹುದು, ಅದಕ್ಕೇ ಗಡಿಗೆ 1.5 ತಗೊಂಡಿದ್ದು. ಎರಡು ವಾಸ್ತವ ಸಂಖ್ಯೆಗಳಿಗೆ ಆ ಸೌಲಭ್ಯ ಇಲ್ಲ.

ಬಳ್ಳಾರಿ ಕೋಟೆಕಟ್ಟೆ

ಮೂರನೇ ಬೆಲೆಯ ಟಿಪ್ಪಣಿ ದಯವಿಟ್ಟು ಹೊಡೆದುಹಾಕ್ರಿ. ಮೂರಲ್ಲ, ಎಷ್ಟೇ ಬೆಲೆ ಇಟ್ಟರೂ ಎಣಿಸಿ ಮುಗಿಯುವಷ್ಟು ಬೆಲೆಗಳ ಕೋಷ್ಟಕದಿಂದ ಈ ತರ್ಕವನ್ನು ಪೂರ್ತಿ ಹಿಡಿಯೋಕಾಗಲ್ಲ ಅಂತ ತರ್ಕಶಾಸ್ತ್ರಜ್ಞ ಗೋಡೆಲ್ 1932ರಲ್ಲೇ ತೋರಿಸಿದ್ದಾರೆ. ಇನ್ನೂ ದೊಡ್ಡ ತಪ್ಪುಗ್ರಹಿಕೆ ಅಂದ್ರೆ ‘ಮೂರನೆಯದಿಲ್ಲ ಅನ್ನೋ ನಿಯಮ ಸುಳ್ಳು ಅಂತಾರೆ’ ಅನ್ನೋದು. ಹಾಗೆ ಅನ್ನೋಕೆ ಬರೋದೇ ಇಲ್ಲ. ನಾಲ್ಕು ಸಾಲು ನೋಡ್ರಿ (∨ ಅಂದ್ರೆ ‘ಇಲ್ಲವೇ’):

¬(ಪ ∨ ¬ಪ) ಎಂದು ಊಹಿಸಿ.
ಈಗ ಪ ಇದ್ದರೆ ಪ ∨ ¬ಪ ಬರುತ್ತದೆ, ಊಹೆಗೆ ವಿರುದ್ಧ. ಆದ್ದರಿಂದ ¬ಪ.
¬ಪ ಸಿಕ್ಕಿತಲ್ಲ, ಅದರಿಂದಲೇ ಪ ∨ ¬ಪ. ಮತ್ತೆ ಊಹೆಗೆ ವಿರುದ್ಧ.
ಆದ್ದರಿಂದ ¬¬(ಪ ∨ ¬ಪ).

ಇದರಲ್ಲಿ ಬಳಸಿದ್ದು ಮೊದಲನೇ ಗುಂಪಿನ ಕೆಲಸ ಮಾತ್ರ. ಅಂದ್ರೆ ಯಾವ ಒಂದು ಪ ಹಿಡಿದುಕೊಂಡೂ ನಿಯಮವನ್ನು ಅಲ್ಲಗಳೆಯೋಕಾಗಲ್ಲ. ಸಾರಾಸಗಟಾಗಿ ಸಾಧಿಸೋಕೂ ಆಗಲ್ಲ. ಸಾಧಿಸೋಕಾಗಲ್ಲ ಅನ್ನೋದನ್ನ ತೋರಿಸಲು ತರ್ಕಶಾಸ್ತ್ರಜ್ಞ ಕ್ರಿಪ್ಕೆಯ ಎರಡು ಚುಕ್ಕಿ ಸಾಕು. ಕೆಳಗೊಂದು, ಮೇಲೊಂದು ಚುಕ್ಕಿ ಹಾಕಿ. ಕೆಳಗಿನದು ಇವತ್ತಿನ ತಿಳಿವು, ಮೇಲಿನದು ನಾಳೆ ಸಿಗಬಹುದಾದ್ದು. ಪ ಮೇಲೆ ಮಾತ್ರ ನಿಂತಿದೆ. ಕೆಳಗೆ ಪ ಇಲ್ಲ. ¬ಪ ಕೂಡ ಇಲ್ಲ, ಯಾಕಂದ್ರೆ ಮೇಲೆ ಪ ಬರುತ್ತೆ. ಆದ್ರೆ ¬¬ಪ ಕೆಳಗೇ ನಿಲ್ಲುತ್ತೆ. ಒಂದೇ ಚಿತ್ರದಲ್ಲಿ ಎರಡೂ ನಿಯಮ (ಪ ∨ ¬ಪ, ಮತ್ತು ¬¬ಪ ಇಂದ ಪ) ಯಾಕೆ ಸಾಗಲ್ಲ ಅನ್ನೋದು ಕಾಣುತ್ತೆ.

ಪಾಠಕ್ಕೆ ಇನ್ನೊಂದು ಉದಾಹರಣೆ: ಅಭಾಗಲಬ್ಧಕ್ಕೆ ಅಭಾಗಲಬ್ಧ ಘಾತ ಕೊಟ್ಟರೆ ಭಾಗಲಬ್ಧ ಬರಬಹುದಾ? √2ರ √2ನೇ ಘಾತ ಭಾಗಲಬ್ಧವಾದರೆ ಕೆಲಸ ಮುಗೀತು, ಅಲ್ಲದಿದ್ದರೆ ಅದಕ್ಕೆ ಮತ್ತೆ √2 ಘಾತ ಕೊಡಿ, 2 ಬರುತ್ತೆ ಅನ್ನೋ ಸಾಧನೆಯಲ್ಲಿ ಕೊನೆಗೂ ಯಾವ ಜೋಡಿ ಅಂತ ಹೇಳೋದಿಲ್ಲ. ಅದರ ಬದಲು √2ಕ್ಕೆ ‘2 ಆಧಾರದ ಲಾಗ್ 9’ ಘಾತ ಕೊಡಿ, ಉತ್ತರ 3. ಆ ಲಾಗ್ ಅಭಾಗಲಬ್ಧ, ಯಾಕಂದ್ರೆ 2ರ ಘಾತ ಸಮ, 9ರ ಘಾತ ಬೆಸ. ಜೋಡಿ ಕೈಗೆ ಬಂತು.

ರಾಯಚೂರು ಲೆಕ್ಕ

ಇಬ್ಬರಿಗೂ ಧನ್ಯವಾದ. ಟಿಪ್ಪಣಿ ತಿದ್ದಿದೆ. ಕೊನೆಯ ಅರ್ಧ ತಾಸು ಲೀನ್‌ನಲ್ಲಿ (ಸಾಧನೆಗಳನ್ನು ಪರಿಶೀಲಿಸುವ ಕಂಪ್ಯೂಟರ್ ತಂತ್ರಾಂಶ) ಮಾಡಿ ತೋರಿಸಬೇಕೆಂದಿದ್ದೇನೆ. ಆದರೆ √2ರ ಸಾಧನೆಗೆ ಯಾವ ಆಕ್ಸಿಯಮ್ ಬಳಕೆಯಾಗಿದೆ ಎಂದು ಕೇಳಿದರೆ ‘ಕ್ಲಾಸಿಕಲ್ ಚಾಯ್ಸ್’ (‘ಮೂರನೆಯದಿಲ್ಲ’ ಅನ್ನೋ ನಿಯಮವನ್ನೂ ಜೊತೆಗೆ ತರುವ ಆಕ್ಸಿಯಮ್) ಅಂತ ತೋರಿಸುತ್ತಿದೆ. ಹಾಗಾದರೆ ನೀವು ಹೇಳಿದ್ದಕ್ಕೆ ವಿರುದ್ಧ ಆಯಿತಲ್ಲ?

ಮುನಿರಾಬಾದ್ ಎಡದಂಡೆ

ವಿರುದ್ಧ ಅಲ್ಲ ಸರ್. ಅದು ಸಾಧನೆಯಿಂದ ಬಂದದ್ದಲ್ಲ, ಲೀನ್‌ನ ಗಣಿತ ಭಂಡಾರವಾದ ಮ್ಯಾಥ್‌ಲಿಬ್‌ನ ವಾಸ್ತವ ಸಂಖ್ಯೆಗಳಿಂದ ಬಂದದ್ದು. ಅಲ್ಲಿ ಅವುಗಳನ್ನು ಕಟ್ಟಿರುವುದೇ ಚಾಯ್ಸ್ ಬಳಸಿ, ಹಾಗಾಗಿ √2 ಅಂತ ಬರೆದ ಕೂಡಲೇ ಅಂಟಿಕೊಳ್ಳುತ್ತದೆ. ಹೇಳಿಕೆಯನ್ನು ಸ್ವಾಭಾವಿಕ ಸಂಖ್ಯೆಗಳಿಗೆ ಇಳಿಸಿ: ನ ಸೊನ್ನೆ ಅಲ್ಲದಿದ್ದರೆ ಮ×ಮ = 2×ನ×ನ ಆಗುವುದಿಲ್ಲ. ಗುರಿ ನಿಷೇಧದ್ದಾದ್ದರಿಂದ ‘ಇಂಟ್ರೊ’ದಿಂದ (ಪ ಊಹಿಸಿ ವೈರುಧ್ಯ ತರುವ ಆಜ್ಞೆ) ಶುರು ಮಾಡಿ, ‘ಬೈ ಕಾಂಟ್ರಾ’ (¬ಪ ಊಹಿಸಿ ಪ ಸಾಧಿಸುವ ಆಜ್ಞೆ) ಬೇಡ. ತಾನೇ ಸಾಧಿಸಿಕೊಡುವ ಟ್ಯಾಕ್ಟಿಕ್‌ಗಳೂ (ಲೀನ್‌ನ ಸಿದ್ಧ ಆಜ್ಞೆಗಳು) ಕೆಲವೊಮ್ಮೆ ಚಾಯ್ಸನ್ನು ಒಳಗೆ ತರುತ್ತವೆ, ಅದಕ್ಕೆ ಒಂದೊಂದು ಲೆಮ್ಮಾ ಮುಗಿದಾಗಲೂ ಆಕ್ಸಿಯಮ್ ಪಟ್ಟಿ ತೆಗೆದು ನೋಡಿ. ಎಲ್ಲಿ ಹೊಸದಾಗಿ ಕಾಣುತ್ತದೋ ಆ ಸಾಲನ್ನಷ್ಟೇ ಕೈಯಿಂದ ಬರೆಯಿರಿ.